ನೀಲಿ ಚುಕ್ಕೆಗಿಂತ ಮೊದಲು: ಮಕ್ಕಳಿಗೆ ನಕ್ಷೆ ಓದಲು ಕಲಿಸೋಣ

  ಇವತ್ತಿನ ಮಾತು ನಕ್ಷೆಯ ಬಗ್ಗೆ. ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಮನೆಯಲ್ಲಿ ಐದನೇ ಕ್ಲಾಸೋ ಆರನೇ ಕ್ಲಾಸೋ ಓದುವ ಮಗು ಇದ್ದರೆ ಕರೆದು ಕೇಳಿ: "ಇಲ್ಲಿಂದ ಉತ್ತರ ಯಾವ ಕಡೆ? ನಮ್ಮೂರು ಯಾವ ಕಡೆ?" ಫೋನ್ ಮುಟ್ಟದೆ ಕೈ ಚಾಚಿ ತೋರಿಸಬೇಕು. ಆಮೇಲೆ ಅದೇ ಪ್ರಶ್ನೆಯನ್ನ ನಿಮಗೆ ನೀವೇ ಕೇಳಿಕೊಳ್ಳಿ.

ಹೆಚ್ಚಿನ ಮನೆಗಳಲ್ಲಿ ಕೈ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತೆ. ಇದು ದಡ್ಡತನ ಅಲ್ಲ. ಫೋನಿನ ನಕ್ಷೆ ನಮಗೆ ದಾರಿ ಹೇಳುತ್ತೆ, ಜಾಗ ಹೇಳಲ್ಲ. "ಇನ್ನೂರು ಮೀಟರ್ ಆದಮೇಲೆ ಎಡಕ್ಕೆ ತಿರುಗಿ" ಅನ್ನುತ್ತೆ, ತಿರುಗುತ್ತೀವಿ. ನಾವು ಎತ್ತ ತಿರುಗಿದರೂ ಆ ನೀಲಿ ಚುಕ್ಕೆ ಪ್ರಪಂಚದ ಮಧ್ಯದಲ್ಲೇ ಇರುತ್ತೆ. ಕಾಗದದ ನಕ್ಷೆಯಲ್ಲಿ ಹಾಗಲ್ಲ. ಅಲ್ಲಿ ನಾವು ಎಲ್ಲಿದ್ದೀವಿ ಅಂತ ನಾವೇ ಹುಡುಕಬೇಕು. ಊರು ಬಿಟ್ಟು ಬಂದವರ ಮಕ್ಕಳಿಗೆ ಈ ಹುಡುಕಾಟ ಇನ್ನೂ ಮುಖ್ಯ. ಯಾಕಂದ್ರೆ "ನಮ್ಮೂರು" ಅನ್ನೋದು ಅವರಿಗೆ ವರ್ಷಕ್ಕೆ ಎರಡು ಸಲ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿ ತಲುಪುವ ಜಾಗ. ಮಧ್ಯದಲ್ಲಿ ಏನಿದೆ ಅಂತ ಅವರು ನೋಡಿಯೇ ಇಲ್ಲ.

ಶಾಲೆಯ ಭೂಗೋಳದ ಪುಸ್ತಕ ನಕ್ಷೆಗೆ ಮೂರು ಅಂಗ ಅಂತ ಹೇಳುತ್ತೆ: ದೂರ, ದಿಕ್ಕು, ಸಂಕೇತ. ಮಕ್ಕಳು ಇದನ್ನ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತಗೊಂಡು ಮರೆತುಬಿಡ್ತಾರೆ. ಆದರೆ ಈ ಮೂರರ ಹಿಂದೆಯೂ ಒಂದು ದೊಡ್ಡ ಕಥೆ ಇದೆ. ಆ ಕಥೆ ನಡೆದದ್ದು ನಮ್ಮ ನೆಲದಲ್ಲಿ, ಈಗ ನೀವು ಇರುವ ಊರುಗಳಲ್ಲಿ. ಅದನ್ನ ಹೇಳಿಕೊಟ್ಟರೆ ಮಕ್ಕಳಿಗೆ ನಕ್ಷೆ ತಾನಾಗೇ ತೆರೆದುಕೊಳ್ಳುತ್ತೆ.

ದಿಕ್ಕು: ಸಪ್ತರ್ಷಿ ಮಂಡಲ ನೋಡಿದ ಸೈನಿಕ

1799. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಶ್ರೀರಂಗಪಟ್ಟಣದ ಹತ್ತಿರ ಬಂದಿದೆ. ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ತುಕಡಿಯನ್ನ ಕತ್ತಲಲ್ಲಿ ನಡೆಸಿಕೊಂಡು ಹೋಗ್ತಾ ಇದ್ದಾರೆ. ಜೊತೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋ ಅಧಿಕಾರಿ. ಲ್ಯಾಂಬ್ಟನ್ ಆಕಾಶ ನೋಡ್ತಾರೆ, ಸಪ್ತರ್ಷಿ ಮಂಡಲ ಕಾಣುತ್ತೆ. ಉತ್ತರಕ್ಕೆ ಹೋಗಬೇಕಾದ ಸೈನ್ಯ ದಕ್ಷಿಣಕ್ಕೆ, ಅಂದ್ರೆ ನೇರವಾಗಿ ಟಿಪ್ಪುವಿನ ಸೈನ್ಯದ ಕಡೆಗೇ ಹೊರಟಿದೆ! ಹೋಗಿ ಹೇಳಿದರೆ ಜನರಲ್‌ಗೆ ನಂಬಿಕೆ ಇಲ್ಲ. ನಕ್ಷತ್ರ ನೋಡಿ ದಾರಿ ತಿಳಿಯುವ ಅಗತ್ಯ ತನಗಿಲ್ಲ ಅನ್ನೋ ಧಾಟಿ. ಆಮೇಲೆ ದಿಕ್ಸೂಚಿ ತೆಗೆದು ನೋಡಿದರೆ ನಕ್ಷತ್ರ ಹೇಳಿದ್ದೇ ಸರಿ.

ಯುದ್ಧದ ಸರಿತಪ್ಪು ಈಗ ಬೇಡ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಅದು ನಿಮಗೆಲ್ಲ ಗೊತ್ತು. ಮಗುವಿಗೆ ಹೇಳಬೇಕಾದ್ದು ಇಷ್ಟು: ಎಡ, ಬಲ ನಮ್ಮ ಮೈ ಜೊತೆ ತಿರುಗುತ್ತವೆ. ಮೂಡಲು, ಪಡುವಲು, ತೆಂಕಲು, ಬಡಗಲು ತಿರುಗಲ್ಲ.

ಈ ನಾಲ್ಕು ಪದ ಮಕ್ಕಳಿಗೆ ಹೇಳಿಕೊಡಿ. ನಮ್ಮ ಶಾಸನಗಳಲ್ಲಿ ಭೂಮಿ ದಾನ ಕೊಟ್ಟಾಗ ಗಡಿಯನ್ನ ಈ ದಿಕ್ಕುಗಳಲ್ಲೇ ಬರೀತಿದ್ರು. ಮೂಡಲಿಗೆ ಕೆರೆ, ತೆಂಕಲಿಗೆ ಹಳ್ಳ, ಪಡುವಲಿಗೆ ನೆಟ್ಟ ಕಲ್ಲು, ಹೀಗೆ. ಗೆರೆ ಎಳೆದ ಕಾಗದ ಇರಲಿಲ್ಲ, ಆದರೆ ಅದೂ ಒಂದು ನಕ್ಷೆಯೇ. ಮಾತಿನಲ್ಲಿ ಬರೆದ ನಕ್ಷೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನ ಎರಡು ನದಿಗಳಿಂದ ಹೇಳುತ್ತೆ, ತೆಂಕಲಿಗೆ ಕಾವೇರಿ, ಬಡಗಲಿಗೆ ಗೋದಾವರಿ. ಮಗುವಿನ ಕೈಗೆ ಇವತ್ತಿನ ನಕ್ಷೆ ಕೊಟ್ಟು ಆ ಎರಡು ನದಿ ಹುಡುಕೋಕೆ ಹೇಳಿ. ಗೋದಾವರಿ ಎಲ್ಲಿದೆ ಅಂತ ನೋಡಿದಾಗ ಪ್ರಶ್ನೆಗಳು ತಾವಾಗೇ ಹುಟ್ಟುತ್ತವೆ.

ಮನೆಯಲ್ಲಿ ಮಾಡುವ ಪ್ರಯೋಗ: ಟೆರೇಸ್ ಮೇಲೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಬೆಳಗ್ಗೆ ಹತ್ತು ಗಂಟೆಗೆ ನೆರಳಿನ ತುದಿಗೆ ಗುರುತು ಹಾಕಿ. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಅಷ್ಟೇ ಉದ್ದ ಆದಾಗ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಸಿಗೋದು ಪೂರ್ವ-ಪಶ್ಚಿಮದ ಗೆರೆ. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ.

ದೂರ: ನೂರು ಅಡಿಯ ಸರಪಳಿ

ಈಗ ದೂರಕ್ಕೆ ಬರೋಣ. ಯುದ್ಧ ಮುಗಿದ ಮೇಲೆ ಕಂಪನಿಗೆ ಒಂದು ದೊಡ್ಡ ಸೀಮೆಯ ಮೇಲೆ ಹಿಡಿತ ಸಿಕ್ಕಿತು. ಆದರೆ ಅದು ಎಷ್ಟು ದೊಡ್ಡದು, ಯಾವ ಊರು ಎಲ್ಲಿದೆ ಅನ್ನೋದು ಸರಿಯಾಗಿ ಗೊತ್ತಿಲ್ಲ. ಲ್ಯಾಂಬ್ಟನ್ ಒಂದು ಯೋಜನೆ ಮುಂದಿಟ್ಟರು: ತ್ರಿಕೋನಗಳಿಂದ ದೇಶವನ್ನ ಅಳೆಯೋಣ.

ಇಲ್ಲಿ ಒಂಬತ್ತು-ಹತ್ತನೇ ಕ್ಲಾಸಿನ ಮಕ್ಕಳು ಇದ್ದರೆ ಹತ್ತಿರ ಕೂರಿಸಿಕೊಳ್ಳಿ. "ಟ್ರಿಗನಾಮೆಟ್ರಿ ಯಾಕೆ ಕಲೀಬೇಕು?" ಅನ್ನೋ ಪ್ರಶ್ನೆಗೆ ಇದೇ ಉತ್ತರ. ತ್ರಿಕೋನದ ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಉಳಿದ ಎರಡು ಬಾಹು ಲೆಕ್ಕದಲ್ಲೇ ಸಿಗುತ್ತವೆ. ಹಾಗಾದರೆ ನೆಲದ ಮೇಲೆ ಒಂದೇ ಒಂದು ಗೆರೆಯನ್ನ ತುಂಬಾ ನಿಖರವಾಗಿ ಅಳೆದರೆ ಸಾಕು. ಅದರ ಎರಡೂ ತುದಿಯಿಂದ ದೂರದ ಬೆಟ್ಟ ನೋಡಿ ಕೋನ ಅಳೆಯೋದು. ಆ ಬೆಟ್ಟಕ್ಕೆ ಇರುವ ದೂರ ನಡೆಯದೆಯೇ ಬಂತು. ಈಗ ಆ ಹೊಸ ಬಾಹುವೇ ಮುಂದಿನ ತ್ರಿಕೋನಕ್ಕೆ ತಳಪಾಯ. ಹೀಗೇ ಬೆಟ್ಟದಿಂದ ಬೆಟ್ಟಕ್ಕೆ. ಹೊಳೆ, ಕಾಡು ಮಧ್ಯದಲ್ಲಿ ಬಂದರೂ ತೊಂದರೆ ಇಲ್ಲ, ಕಣ್ಣು ದಾಟಿದರೆ ಸಾಕು.

ಆ ಮೊದಲ ಗೆರೆಗೆ ಬೇಸ್‌ಲೈನ್ ಅಂತಾರೆ. ಲ್ಯಾಂಬ್ಟನ್ ಭಾರತದಲ್ಲಿ ಮೊದಲು ಅಳೆದ ಬೇಸ್‌ಲೈನ್ ಬೆಂಗಳೂರಿನ ಹತ್ತಿರವೇ, 1800ರಲ್ಲಿ, ಸುಮಾರು ಏಳೂವರೆ ಮೈಲಿ. ಅಳೆದ ಉಕ್ಕಿನ ಸರಪಳಿಗೂ ಒಂದು ಕಥೆ ಇದೆ. ಅದು ಬ್ರಿಟಿಷ್ ರಾಯಭಾರಿಗಳು ಚೀನಾ ಚಕ್ರವರ್ತಿಗೆ ಉಡುಗೊರೆಯಾಗಿ ಒಯ್ದ ಸಾಮಾನುಗಳಲ್ಲಿ ಒಂದು. ಅಲ್ಲಿ ಬೇಡ ಅನ್ನಿಸಿಕೊಂಡು, ಕೈಯಿಂದ ಕೈಗೆ ಬಂದು, ಕೊನೆಗೆ ನಮ್ಮ ಬೆಂಗಳೂರಿನ ಬಯಲಿನಲ್ಲಿ ಬಿಡಿಸಿಕೊಂಡಿತು. ಎರಡೂವರೆ ಅಡಿಯ ನಲವತ್ತು ಕೊಂಡಿ, ಒಟ್ಟು ನೂರು ಅಡಿ.

ಆಮೇಲೆ 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ, ಸೇಂಟ್ ಥಾಮಸ್ ಮೌಂಟ್ ಹತ್ತಿರ, ದೊಡ್ಡ ಸರ್ವೆಯ ಅಧಿಕೃತ ಅಳತೆ ಶುರುವಾಯಿತು. ಚೆನ್ನೈನಲ್ಲಿ ಇರೋರು ಗಿಂಡಿ ಕಡೆ ಆಫೀಸಿಗೆ ಹೋಗುವಾಗ ದಿನಾ ಆ ಬೆಟ್ಟ ನೋಡ್ತೀರಿ. ಆ ಏಳೂವರೆ ಮೈಲಿ ಅಳೆಯೋಕೆ ಹಿಡಿದದ್ದು 57 ದಿನ. ನೂರು ಅಡಿ ಸರಪಳಿಯನ್ನ 400 ಸಲ ಇಡಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತೆ, ಆದ್ದರಿಂದ ನೆರಳು ಮಾಡಿ, ಥರ್ಮಾಮೀಟರ್ ಇಟ್ಟು, ಹಿಗ್ಗಿದ್ದನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಆಟೋದಲ್ಲಿ ಅರ್ಧ ಗಂಟೆಯ ದಾರಿ, ಸುಮಾರು ಎರಡು ತಿಂಗಳು!

ಅಲ್ಲಿಂದ ತ್ರಿಕೋನಗಳು ಪಶ್ಚಿಮಕ್ಕೆ ಹೊರಟವು. ಬೆಂಗಳೂರು ದಾಟಿ, ಘಟ್ಟ ಇಳಿದು ಮಂಗಳೂರಿನ ಕರಾವಳಿಗೆ. ಲೆಕ್ಕ ಹಾಕಿದರೆ ಆ ಸಮುದ್ರದಿಂದ ಈ ಸಮುದ್ರಕ್ಕೆ ಸುಮಾರು 360 ಮೈಲಿ. ಅದುವರೆಗಿನ ನಕ್ಷೆಗಳಲ್ಲಿ ಇದ್ದದ್ದು 400! ಅಂದ್ರೆ ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು. ನಕ್ಷೆ ಅಚ್ಚಾಗಿದೆ, ಅಂದ ಮಾತ್ರಕ್ಕೆ ಅದು ಸತ್ಯ ಅಲ್ಲ. ಅದನ್ನ ಯಾರೋ ಅಳೆದಿರಬೇಕು. ಮಗುವಿಗೆ ಇದೊಂದು ಮಾತು ತಲೆಗೆ ಹೋದರೆ ಭೂಗೋಳದ ಅರ್ಧ ಪಾಠ ಆದ ಹಾಗೆ.

ಕೋನ ಅಳೆಯುವ ಥಿಯೊಡೊಲೈಟ್ ಅರ್ಧ ಟನ್ ಭಾರ. ಅದನ್ನ ಬೆಟ್ಟಗಳ ಮೇಲೆ, ಗೋಪುರಗಳ ಮೇಲೆ ಜನರೇ ಹೊತ್ತು, ಎಳೆದು ಏರಿಸಬೇಕು. 1808ರಲ್ಲಿ ತಂಜಾವೂರಿನ ದೇವಸ್ಥಾನದಲ್ಲಿ ಹಗ್ಗ ಕೈಕೊಟ್ಟು ಅದು ಗೋಡೆಗೆ ಬಡಿದು ಜಜ್ಜಿಹೋಯಿತು. ಲ್ಯಾಂಬ್ಟನ್ ತಾವೇ ಕೂತು ವಾರಗಟ್ಟಲೆ ರಿಪೇರಿ ಮಾಡಿದರು.

1815ರಲ್ಲಿ ಬೀದರ್ ಹತ್ತಿರ ಇನ್ನೊಂದು ಬೇಸ್‌ಲೈನ್ ಅಳೆದರು. 1818ರ ಹೊತ್ತಿಗೆ ಲ್ಯಾಂಬ್ಟನ್‌ಗೆ ಹೈದರಾಬಾದೇ ಠಾಣೆ. ಅಲ್ಲಿಗೆ ಸಹಾಯಕರಾಗಿ ಬಂದವರು ಜಾರ್ಜ್ ಎವರೆಸ್ಟ್. ಕೃಷ್ಣಾ-ಗೋದಾವರಿ ನಡುವಿನ ಕಾಡಿನಲ್ಲಿ ಎವರೆಸ್ಟ್ ಅವರ ತಂಡಕ್ಕೆ ಕಾಡುಜ್ವರ ಬಡಿದು ಅವರನ್ನೆಲ್ಲ ಹೈದರಾಬಾದಿಗೆ ಹೊತ್ತು ತರಬೇಕಾಯಿತು. ಎಲ್ಲರೂ ಬದುಕಿ ಬರಲಿಲ್ಲ. ಲ್ಯಾಂಬ್ಟನ್ ಕೂಡ 1823ರ ಜನವರಿಯಲ್ಲಿ, ಈಗಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ, ಸರ್ವೆ ದಾರಿಯಲ್ಲೇ ತೀರಿಕೊಂಡರು. ಆ ತ್ರಿಕೋನಗಳ ಸರಣಿ ಕನ್ಯಾಕುಮಾರಿಯಿಂದ ಹಿಮಾಲಯದ ಬುಡದವರೆಗೆ, ಸುಮಾರು 2400 ಕಿಲೋಮೀಟರ್ ಬೆಳೆಯಿತು.

ಈ ಸರ್ವೆ ಆಫೀಸಿನಲ್ಲಿ 1831ರಲ್ಲಿ ಕೆಲಸಕ್ಕೆ ಸೇರಿದ ರಾಧಾನಾಥ ಸಿಕ್ದಾರ್ ಅವರ ಹುದ್ದೆಯ ಹೆಸರೇನು ಗೊತ್ತಾ? "ಕಂಪ್ಯೂಟರ್". ನಿಜವಾಗಲೂ! ಲೆಕ್ಕ ಮಾಡುವ ಮನುಷ್ಯ ಅಂತ ಅರ್ಥ. ಹಿಮಾಲಯದ ಹದಿನೈದನೇ ನಂಬರಿನ ಶಿಖರ ಎಲ್ಲಕ್ಕಿಂತ ಎತ್ತರ ಅಂತ ತೋರಿಸಿದ ಲೆಕ್ಕದಲ್ಲಿ ಅವರ ಕೈ ಇತ್ತು. ಶಿಖರಕ್ಕೆ ಹೆಸರು ಬಂದದ್ದು ಎವರೆಸ್ಟ್‌ದು. ಸೂಕ್ಷ್ಮ ಯಂತ್ರಗಳನ್ನ ಬಿಚ್ಚಿ ಸರಿಮಾಡಿದ ಆರ್ಕಾಟಿನ ಸೈಯದ್ ಮೀರ್ ಮೊಹಸಿನ್ ಹುಸೇನ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಸರಪಳಿ ಹಿಡಿದವರು, ಬಾವುಟ ಹೊತ್ತವರು, ಮರ ಕಡಿದವರು ಸಾವಿರಾರು, ಅವರ ಹೆಸರು ನಕ್ಷೆಯ ಯಾವ ಮೂಲೆಯಲ್ಲೂ ಇಲ್ಲ. ಐಟಿಯಲ್ಲಿ ಕೆಲಸ ಮಾಡೋ ನಮಗೆ ಇದು ಬೇಗ ಅರ್ಥ ಆಗುತ್ತೆ ಅಲ್ವಾ? ರಿಲೀಸ್ ದಿನ ಯಾರ ಹೆಸರು ಸ್ಲೈಡ್ ಮೇಲೆ ಬರುತ್ತೆ ಅಂತ!

ಮಕ್ಕಳಿಗೆ ಅಭ್ಯಾಸ: ಹತ್ತು ಮೀಟರ್ ಹಗ್ಗ ತಗೊಳ್ಳಿ. ಮನೆ ಗೇಟಿನಿಂದ ಪಾರ್ಕಿನವರೆಗೆ ಅಳೆಯಲಿ. ಹತ್ತು ಮೀಟರಿಗೆ ಒಂದು ಸೆಂಟಿಮೀಟರ್ ಅಂತ ಕಾಗದದ ಮೇಲೆ ಬರೀಲಿ. ಅಲ್ಲಿಗೆ ಸ್ಕೇಲ್ ಅಂದ್ರೆ ಏನು ಅಂತ ಬಂತು. ಫೋನಿನಲ್ಲಿ ಎರಡು ಬೆರಳಿನಿಂದ ನಕ್ಷೆ ಹಿಗ್ಗಿಸುವಾಗ ಮೂಲೆಯಲ್ಲಿ ಬರುವ ಸಣ್ಣ ಅಳತೆಗೆರೆ ನೋಡಿದಾಗ "ಓ, ಇದೇ ಅದು!" ಅಂತ ಅವರೇ ಹೇಳ್ತಾರೆ.

ಗುರುತು: ಬಣ್ಣ, ಗೆರೆ, ಊರ ಹೆಸರು

ಸರ್ವೆ ಆಫ್ ಇಂಡಿಯಾ 1767ರಿಂದ ಇರುವ ಸಂಸ್ಥೆ, ಮುಖ್ಯ ಕಚೇರಿ ಡೆಹ್ರಾಡೂನ್. ಅವರ ಟೋಪೋಶೀಟ್ ಒಂದು ಸಲ ಮಕ್ಕಳ ಮುಂದೆ ಹರಡಿ. 1:50,000 ಹಾಳೆಯಲ್ಲಿ ಎರಡು ಸೆಂಟಿಮೀಟರ್ ಅಂದ್ರೆ ಒಂದು ಕಿಲೋಮೀಟರ್. ನೀಲಿ ನೀರು, ಹಸಿರು ಕಾಡು, ಹಳದಿ ಹೊಲಗದ್ದೆ. ಕಂದು ಗೆರೆಗಳು ಎತ್ತರದ್ದು, ಒಂದೇ ಎತ್ತರದ ಜಾಗಗಳನ್ನ ಸೇರಿಸಿದ ಗೆರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರ ಇದ್ದರೆ ಬಯಲು. ಅರ್ಥ ಆಗಲಿಲ್ಲ ಅಂದ್ರೆ ಒಂದು ಆಲೂಗಡ್ಡೆಯನ್ನ ಅರ್ಧ ಕತ್ತರಿಸಿ, ಕವುಚಿ ಇಟ್ಟು, ಅಡ್ಡಡ್ಡ ಬಿಲ್ಲೆ ಮಾಡಿ. ಪ್ರತಿ ಬಿಲ್ಲೆಯ ಅಂಚನ್ನ ಕಾಗದದ ಮೇಲೆ ಒಂದರೊಳಗೆ ಒಂದು ಬರೀಲಿ. ಬೆಟ್ಟ ಕಾಗದಕ್ಕೆ ಇಳಿಯಿತು.

ನಮ್ಮ ಕಡೆಯ ಹಾಳೆಗಳಲ್ಲಿ ಕೆರೆಗಳೇ ಕೆರೆಗಳು. ಏರಿಯ ಪಕ್ಕ ಒಂದು ಸಣ್ಣ ಅಂಕಿ ಇರುತ್ತೆ, ಅದು ಸುತ್ತಲಿನ ನೆಲದಿಂದ ಏರಿ ಎಷ್ಟು ಮೀಟರ್ ಎತ್ತರ ಅನ್ನೋದು. ಊರಿನ ಹೆಸರುಗಳೂ ಗುರುತುಗಳೇ. ಬೊಮ್ಮಸಂದ್ರ, ಸಿಂಗಸಂದ್ರ ಅಂತ ಐಟಿ ಬಸ್ಸಿನ ಬೋರ್ಡಿನಲ್ಲಿ ಓದಿದ್ದೀವಿ. ಸಂದ್ರ ಅಂದ್ರೆ ಸಮುದ್ರ, ಅಂದ್ರೆ ದೊಡ್ಡ ಕೆರೆ. ಹೈದರಾಬಾದಿನವರು ಗಚ್ಚಿಬೌಲಿಯಲ್ಲಿ ಬೌಲಿ ಹುಡುಕಿ, ಅದು ಬಾವಿ. ಪುಣೆಯವರು "ಬುದ್ರುಕ್", "ಖುರ್ದ್" ಅಂತ ಊರ ಹೆಸರಿನ ಕೊನೆಗೆ ನೋಡ್ತೀರಲ್ಲ, ಅದು ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ದೊಡ್ಡ-ಚಿಕ್ಕ ಇದ್ದ ಹಾಗೆ. ಚೆನ್ನೈನಲ್ಲಿ "ಏರಿ" ಅಂದ್ರೆ ಕೆರೆಯೇ, ನಮಗೆ ಏರಿ ಅಂದ್ರೆ ಕೆರೆಯ ಕಟ್ಟೆ. ಒಂದೇ ಪದ, ಒಬ್ಬರು ನೀರಿಗೆ ಇಟ್ಟರು, ಇನ್ನೊಬ್ಬರು ಮಣ್ಣಿಗೆ ಇಟ್ಟರು.

ಈ ಹೆಸರುಗಳನ್ನ ಕೇಳಿ ಬರೆದುಕೊಂಡವರ ಕಥೆಯೂ ಇದೆ. ಲ್ಯಾಂಬ್ಟನ್ ತ್ರಿಕೋನ ಕಟ್ಟುವ ಕಾಲಕ್ಕೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡ್ತಾ ಇದ್ದರು. ಅವರ ಜೊತೆ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮುಂತಾದವರು ಊರೂರು ತಿರುಗಿ ಶಾಸನ, ಕೈಫಿಯತ್ತು ಸಂಗ್ರಹಿಸಿದರು. ಮುಂದೆ 1815ರಲ್ಲಿ ಮೆಕೆಂಜಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ಕಂಪನಿಗೆ ಬೇಕಾಗಿದ್ದದ್ದು ಕಂದಾಯ ಮತ್ತು ಆಡಳಿತ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಆ ಪಂಡಿತರು ಬರೆಸಿಕೊಂಡ ಕೈಫಿಯತ್ತುಗಳು ಇವತ್ತು ನಮ್ಮ ಹಳ್ಳಿಗಳ ಇತಿಹಾಸಕ್ಕೆ ಆಧಾರ.

ಒಂದೇ ಹಾಳೆಯಲ್ಲಿ ನಮ್ಮೂರು, ನಿಮ್ಮೂರು

ಸರ್ವೆ ಆಫ್ ಇಂಡಿಯಾ ಹಳೆಯ ಪದ್ಧತಿಯಲ್ಲಿ ದೇಶವನ್ನ ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಭಾಗ ಮಾಡಿ ನಂಬರ್ ಕೊಟ್ಟಿದೆ. ಚೌಕ 47ರಲ್ಲಿ ಮುಂಬೈ, ಪುಣೆ. ಅದೇ ಚೌಕದಲ್ಲಿ ನಮ್ಮ ವಿಜಯಪುರ. ಚೌಕ 56ರಲ್ಲಿ ಹೈದರಾಬಾದ್, ಅದರಲ್ಲೇ ಕಲಬುರಗಿ, ಬೀದರ್. ಬೆಂಗಳೂರು, ಮೈಸೂರು, ಬಳ್ಳಾರಿ 57. ಮಂಗಳೂರು, ಹುಬ್ಬಳ್ಳಿ, ಬೆಳಗಾವಿ 48. ಚೆನ್ನೈ 66, ದೆಹಲಿ 53. ಅಕ್ಷಾಂಶ, ರೇಖಾಂಶ ಕಲಿಸೋಕೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ದೆಹಲಿಯ ಮಗುವಿಗೆ ಹೇಳಿ: ಬೆಂಗಳೂರಿನ ರೇಖಾಂಶ ಸುಮಾರು 77.6 ಡಿಗ್ರಿ, ದೆಹಲಿಯದು 77.2. ಅಂದ್ರೆ ಅಜ್ಜಿ ಮನೆ ಹೆಚ್ಚುಕಡಿಮೆ ನೇರ ತೆಂಕಲಿಗೆ. ಇಬ್ಬರಿಗೂ ಸೂರ್ಯ ನೆತ್ತಿಯ ಗೆರೆಗೆ ಬರೋದು ಬಹುತೇಕ ಒಂದೇ ಹೊತ್ತಿಗೆ.

ನೀರಿನ ದಾರಿಯನ್ನೂ ಬೆರಳಿಟ್ಟು ಹಿಂಬಾಲಿಸಲಿ. ಪುಣೆಯ ಮುಳಾ-ಮುಠಾ ಭೀಮೆಗೆ ಸೇರುತ್ತೆ, ಭೀಮೆ ಪಂಢರಪುರ ದಾಟಿ ಕಲಬುರಗಿ ಜಿಲ್ಲೆಗೆ ಬಂದು, ಮುಂದೆ ಕೃಷ್ಣೆಯನ್ನ ಕೂಡುತ್ತೆ. ನಂದಿಬೆಟ್ಟದ ಕಡೆ ಹುಟ್ಟಿದ ಪಾಲಾರ್ ಚೆನ್ನೈನ ದಕ್ಷಿಣಕ್ಕೆ ಸಮುದ್ರ ಸೇರುತ್ತೆ. ಮುಂಬೈಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವಾಗ ಭೀಮಾ, ಕೃಷ್ಣಾ, ತುಂಗಭದ್ರಾ ಯಾವಾಗ ಬಂತು ಅಂತ ಮಗು ಗುರುತು ಹಾಕಲಿ.

ಕೊನೆಗೆ ಒಂದು ಹಳೆಯ ನಕ್ಷೆ ತೋರಿಸಿ, 1956ಕ್ಕಿಂತ ಹಿಂದಿನದು. ವಿಜಯಪುರ, ಧಾರವಾಡ, ಬೆಳಗಾವಿ, ಕಾರವಾರ ಬಾಂಬೆ ರಾಜ್ಯದಲ್ಲಿ. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿ. ಮಂಗಳೂರು ಮದ್ರಾಸಿನಲ್ಲಿ. ಕೊಡಗು ಬೇರೆಯೇ. ನಮ್ಮ ಎಷ್ಟೋ ಜನರ ಅಜ್ಜನಿಗೆ ಮುಂಬೈಯೋ ಹೈದರಾಬಾದೋ ಮದ್ರಾಸೋ ರಾಜಧಾನಿಯೇ ಆಗಿತ್ತು. ಅರ್ಜಿ ಅಲ್ಲಿಗೆ ಹೋಗಬೇಕಿತ್ತು. 1956ರ ನವೆಂಬರ್ 1ಕ್ಕೆ ಗೆರೆ ಬದಲಾಯಿತು, ಬೆಟ್ಟ, ಹೊಳೆ ಇದ್ದಲ್ಲೇ ಇದ್ದವು. ಆದ್ದರಿಂದ ಯಾವ ನಕ್ಷೆ ಕೈಗೆ ಬಂದರೂ ಮಗು ಕೇಳಬೇಕಾದ ಪ್ರಶ್ನೆ ನಾಲ್ಕು: ಇದರ ಉತ್ತರ ಯಾವ ಕಡೆ? ಅಳತೆ ಎಷ್ಟು? ಗುರುತುಗಳ ಅರ್ಥ ಏನು? ಇದನ್ನ ಯಾರು, ಯಾವಾಗ, ಯಾಕೆ ಮಾಡಿದರು? ಮೊದಲ ಮೂರು ಪುಸ್ತಕದಲ್ಲಿವೆ. ನಾಲ್ಕನೆಯದು ಇತಿಹಾಸದ ಪ್ರಶ್ನೆ. ಗಡಿಯ ಬಗ್ಗೆ ಯಾರಾದರೂ ಜೋರಾಗಿ ಕೂಗಿದಾಗ, ಫೋನಿಗೆ ಯಾವುದೋ ನಕ್ಷೆ ಫಾರ್ವರ್ಡ್ ಆಗಿ ಬಂದಾಗ, ಅದೇ ಪ್ರಶ್ನೆ ಕಾಪಾಡೋದು.

ಈ ವಾರದ ಮನೆಗೆಲಸ ಸುಲಭ. ಭಾನುವಾರ ಒಂದು ಗಂಟೆ ತೆಗೆದಿಡಿ. ಭಾರತದ ಒಂದು ಗೋಡೆ ನಕ್ಷೆ ತಂದು ಊಟದ ಮೇಜಿನ ಹತ್ತಿರ ಅಂಟಿಸಿ. ಈಗಿರುವ ಊರಿಗೆ ಒಂದು ಪಿನ್, ಅಪ್ಪನ ಊರಿಗೆ ಒಂದು, ಅಮ್ಮನ ಊರಿಗೆ ಒಂದು. ಮಧ್ಯೆ ದಾರ ಕಟ್ಟಿ. ತ್ರಿಕೋನ ಆಯಿತಲ್ಲ? ಸ್ಕೇಲ್ ಇಟ್ಟು ಮೂರು ಬಾಹು ಅಳೆದು, ಕಿಲೋಮೀಟರಿಗೆ ಬದಲಿಸಿ, ನಡುವೆ ಸಿಗುವ ನದಿಗಳ ಹೆಸರು ಬರೆಯಲಿ. ಬರೆದದ್ದನ್ನ ಫೋಟೋ ತೆಗೆದು ಅಜ್ಜಿಗೆ ಕಳಿಸಿ, ಅವರು ಇನ್ನೂ ನಾಲ್ಕು ಹಳ್ಳದ ಹೆಸರು ಸೇರಿಸ್ತಾರೆ.